ಅಪ್ಪನ ಜೊತೆ 389ನೇ ರಸ್ತೆಯಲ್ಲಿ

ಅಪ್ಪ ಮಾಂಟ್ರಿಯಲ್‌ಗೆ ಬಂದು ಎರಡು ತಿಂಗಳಾಗಿತ್ತು. ನಯಾಗರಾ ಆಯಿತು, ಒಟ್ಟಾವಾದ ಪಾರ್ಲಿಮೆಂಟ್ ಆಯಿತು, ಕ್ಯೂಬೆಕ್ ನಗರದ ಹಳೆ ಕೋಟೆಯೂ ಆಯಿತು. ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದರು, "ಮಗಾ, ಇಲ್ಲಿ ಕಬ್ಬಿಣದ ಗಣಿ ಎಲ್ಲಿದೆ?"

ಅಪ್ಪ ಕುದುರೆಮುಖದ ಗಣಿಯಲ್ಲಿ ಇಪ್ಪತ್ತಾರು ವರ್ಷ ಡಂಪರ್ ರಿಪೇರಿ ಮಾಡಿದವರು. ನಾನು ಹುಟ್ಟಿದ್ದು, ಹತ್ತನೇ ಕ್ಲಾಸಿನವರೆಗೆ ಓದಿದ್ದು ಎಲ್ಲ ಅಲ್ಲಿನ ಟೌನ್‌ಶಿಪ್‌ನಲ್ಲೇ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಲಾರಿಗೆ ಸಾಮಾನು ತುಂಬಿಕೊಂಡು ಹೊರಟಾಗ ಆಗುವ ಸಂಕಟ ಬೇರೆಯದೇ, ಅಲ್ವಾ. ಆ ವಿಷಯ ಅಪ್ಪ ಮನೆಯಲ್ಲಿ ಎಂದೂ ಮಾತಾಡಿದವರಲ್ಲ.

ಮ್ಯಾಪ್ ತೆಗೆದು ತೋರಿಸಿದೆ. ಕ್ಯೂಬೆಕ್‌ನ ಈಶಾನ್ಯದಲ್ಲಿ, ಲ್ಯಾಬ್ರಡಾರ್ ಗಡಿಗೆ ಅಂಟಿಕೊಂಡು ಫೆರ್ಮೋನ್ ಅಂತ ಊರು. ಫ್ರೆಂಚ್‌ನಲ್ಲಿ ಫೆರ್ ಅಂದರೆ ಕಬ್ಬಿಣ, ಮೋನ್ ಅಂದರೆ ಬೆಟ್ಟ. ಸೇಂಟ್ ಲಾರೆನ್ಸ್ ನದಿ ದಡದ ಬೇ-ಕೊಮೊದಿಂದ ಅಲ್ಲಿಗೆ ಒಂದೇ ರಸ್ತೆ, 389, ಸುಮಾರು 570 ಕಿಲೋಮೀಟರ್. ಅಪ್ಪ ಆ ಗೆರೆಯ ಮೇಲೆ ಬೆರಳಿಟ್ಟು ಮೇಲಕ್ಕೆ ಹೋದರು. ಊರೇ ಇಲ್ಲ. ಮೇಲ್ಭಾಗದಲ್ಲಿ ಒಂದು ದೊಡ್ಡ ತುಂಡಿನ ಮೇಲೆ 'ರಿವ್ಯೇರ್-ಮುಶಲಗಾನ್' ಎಂದು ಬರೆದಿತ್ತು. ಇಂಥ ಜಾಗಗಳಿಗೆ ಇಲ್ಲಿ 'ತೆರಿತ್ವಾರ್ ನೋನ್ ಓರ್ಗನಿಝೆ' ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ ಪಂಚಾಯಿತಿಯೇ ಇಲ್ಲದ ನೆಲ. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ, ಅದರ ಮೇಲಿನ ಕೌಂಟಿಯವರೇ ನೋಡಿಕೊಳ್ಳುತ್ತಾರೆ. ಯಾಕೆಂದರೆ ಅಲ್ಲಿ ವಾಸ ಇರುವವರೇ ಇಲ್ಲ.

"ಜನಾನೇ ಇಲ್ವಾ?" ಅಂದರು ಅಪ್ಪ.

"ಈಗ ಇಲ್ಲ. ಮೊದಲು ಒಂದು ಊರಿತ್ತಂತೆ, ಗಾನ್ಯೋನ್ ಅಂತ. ಕಬ್ಬಿಣದ ಗಣಿಯ ಊರು. 1960ರಲ್ಲಿ ಕಟ್ಟಿದರು, 1985ರಲ್ಲಿ ಗಣಿ ಮುಚ್ಚಿ ಊರನ್ನೇ ಕೆಡವಿಬಿಟ್ಟರು."

ಅಪ್ಪ ಲೋಟ ಕೆಳಗಿಟ್ಟರು. "ಹೋಗೋಣ."

ಮೊದಲ ದಿನ: ಬೇ-ಕೊಮೊ

ಆಗಸ್ಟ್ ಕೊನೆಯ ವಾರ ಹೊರಟೆವು. ಅದಕ್ಕಿಂತ ಮುಂಚೆ ಹೋದರೆ ಕರಿನೊಣದ ಕಾಟ ಜಾಸ್ತಿ, ತಡ ಮಾಡಿದರೆ ಹಿಮ ಶುರುವಾಗುತ್ತದೆ. ಬಾಡಿಗೆ ಕಾರಿನವರು ಜಲ್ಲಿ ರಸ್ತೆಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ಹಾಗಾಗಿ ನಮ್ಮದೇ ಕಾರು. ಜೊತೆಗೆ ಪೂರ್ತಿ ಸೈಜಿನ ಒಂದು ಸ್ಟೆಪ್ನಿ ಸಾಲದೆಂದು ಅಪ್ಪ ಹಠ ಹಿಡಿದು ಎರಡು ಹಾಕಿಸಿದರು. ಆಮೇಲೆ ಆ ಹಠ ಎಷ್ಟು ಉಪಕಾರಕ್ಕೆ ಬಂತು ಅಂತ ಹೇಳುತ್ತೇನೆ. ಒಂದು ಡಬ್ಬಿ ಚಟ್ನಿಪುಡಿ, ಒಂದು ಬಾಟಲಿ ಪುಳಿಯೋಗರೆ ಗೊಜ್ಜು, ಎರಡು ಕೆಜಿ ಅವಲಕ್ಕಿ, ಸಣ್ಣ ಗ್ಯಾಸ್ ಸ್ಟವ್. ಸಸ್ಯಾಹಾರಿಗಳು ಆ ಕಡೆ ಹೋಗುವುದಾದರೆ ಇಷ್ಟಾದರೂ ಇರಲಿ. ಅಲ್ಲಿ ಬಟಾಣಿ ಸೂಪಿಗೂ ಹಂದಿ ಮಾಂಸ ಹಾಕುತ್ತಾರೆ.

ದಾರಿ ದೂರ, ಸುಮಾರು 670 ಕಿಲೋಮೀಟರ್. ತದುಸಾಕ್ ಹತ್ತಿರ ಸಾಗ್ನೆ ನದಿಗೆ ಸೇತುವೆ ಇಲ್ಲ, ಕಾರು ಸಮೇತ ಫೆರಿಯಲ್ಲಿ ದಾಟಬೇಕು. ದುಡ್ಡು ಕೊಡಬೇಕಿಲ್ಲ, ಹತ್ತು ನಿಮಿಷದ ಹಾದಿ. ನದಿ ನಡುವೆ ಬೆಳ್ಳಗೆ ಏನೋ ಎದ್ದು ಮುಳುಗಿತು. ಅಲೆಯ ನೊರೆ ಅಂದುಕೊಂಡೆವು. ಇನ್ನೊಮ್ಮೆ ಎದ್ದಿತು. ಬೆಲೂಗಾ ತಿಮಿಂಗಿಲ! ಅಪ್ಪ ಕಂಬಿ ಹಿಡಿದುಕೊಂಡು ಆ ಕಡೆಯ ದಡ ಬರುವವರೆಗೂ ನೀರನ್ನೇ ನೋಡುತ್ತಾ ನಿಂತಿದ್ದರು. ರಾತ್ರಿ ಬೇ-ಕೊಮೊದಲ್ಲಿ ಮಲಗಿದೆವು.

ಎರಡನೇ ದಿನ: ಹದಿಮೂರು ಕಮಾನಿನ ಅಣೆಕಟ್ಟು

ಪೆಟ್ರೋಲ್ ಟ್ಯಾಂಕ್ ತುಂಬಿಸಿ ಊರು ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಹೋಯಿತು. ಮುಂದೆ ಬಹುಪಾಲು ದಾರಿಯಲ್ಲಿ ಇಲ್ಲವೇ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದೆ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನವನ್ನು ಗೆಳತಿಯಿಂದ ಕೇಳಿ ತಂದಿದ್ದೆ. ಅದಿಲ್ಲದೆ ಹೋಗಬೇಡಿ.

ಶುರುವಿನ ರಸ್ತೆ ಚಾರ್ಮಾಡಿ ಘಾಟಿಯ ಹಾಗೆ. ತಿರುವಿನ ಮೇಲೆ ತಿರುವು, ಏರು, ಇಳಿಜಾರು. ಎದುರಿಗೆ ಮರದ ದಿಮ್ಮಿ ಹೊತ್ತ ಲಾರಿಗಳು. 22ನೇ ಕಿಲೋಮೀಟರಿಗೆ ಮ್ಯಾನಿಕ್-2 ಅಣೆಕಟ್ಟು ಸಿಗುತ್ತದೆ, ಮುಂದೆ ಮ್ಯಾನಿಕ್-3. ಎಲ್ಲವೂ ಮನಿಕ್ವಾಗನ್ ಎಂಬ ಒಂದೇ ನದಿಗೆ ಕಟ್ಟಿದ್ದು, ಶರಾವತಿಗೆ ಸಾಲಾಗಿ ಕಟ್ಟಿದ ಹಾಗೆ. ಮಧ್ಯೆ ಬರೀ ಕಪ್ಪು ಸ್ಪ್ರೂಸ್ ಮರ, ಕೆರೆ, ಮತ್ತೆ ಸ್ಪ್ರೂಸ್ ಮರ.

ಮಧ್ಯಾಹ್ನ 211ನೇ ಕಿಲೋಮೀಟರ್ ಹತ್ತಿರ ಒಂದು ತಿರುವು ದಾಟಿದೆವು. ಎದುರಿಗೆ ಮ್ಯಾನಿಕ್-5. "ಅಯ್ಯಪ್ಪಾ!" ಅಂದರು ಅಪ್ಪ. ನಾನು ಕಾರು ಪಕ್ಕಕ್ಕೆ ಹಾಕಿದೆ. ಕಣಿವೆಯ ಈ ತುದಿಯಿಂದ ಆ ತುದಿಗೆ 1,314 ಮೀಟರ್ ಉದ್ದದ ಕಾಂಕ್ರೀಟ್, ಅದರಲ್ಲಿ ಹದಿಮೂರು ಕಮಾನು. ಎತ್ತರ 214 ಮೀಟರ್. ಜೋಗದ ರಾಜಾ ಧುಮುಕುವ ಎತ್ತರಕ್ಕಿಂತ ಸುಮಾರು ನಲವತ್ತು ಮೀಟರ್ ಕಮ್ಮಿ ಅಷ್ಟೇ. ನಡುವಿನ ಕಮಾನು ಉಳಿದವುಗಳಿಗಿಂತ ಎಷ್ಟೋ ಪಟ್ಟು ದೊಡ್ಡದು, ಅದರ ಬುಡದಲ್ಲಿ ನಿಂತಿದ್ದ ಬಸ್ಸು ಬೆಂಕಿಪೊಟ್ಟಣದ ಹಾಗೆ ಕಾಣುತ್ತಿತ್ತು. ಈ ಮಾದರಿಯ ಅಣೆಕಟ್ಟುಗಳಲ್ಲಿ ಪ್ರಪಂಚದಲ್ಲೇ ಇದು ದೊಡ್ಡದು.

ಬೇಸಿಗೆಯಲ್ಲಿ ಒಳಗೆ ಕರೆದುಕೊಂಡು ಹೋಗಿ ಉಚಿತವಾಗಿ ತೋರಿಸುತ್ತಾರೆ, ಮೊದಲೇ ಹೆಸರು ಬರೆಸಿದರೆ ಒಳ್ಳೆಯದು. ಪೂರ್ತಿ ಫ್ರೆಂಚ್‌ನಲ್ಲಿತ್ತು. ನಾನು ಅಪ್ಪನ ಕಿವಿಯಲ್ಲಿ ಕನ್ನಡ ಮಾಡುತ್ತಾ ಹೋದೆ. 1968ರ ಸೆಪ್ಟೆಂಬರ್ 26ರಂದು ಅಣೆಕಟ್ಟಿನ ಸಮಾರಂಭಕ್ಕೆಂದು ಬಂದಿದ್ದ ಕ್ಯೂಬೆಕ್‌ನ ಪ್ರೀಮಿಯರ್, ಅಂದರೆ ಅಲ್ಲಿನ ಮುಖ್ಯಮಂತ್ರಿ, ಡೇನಿಯಲ್ ಜಾನ್ಸನ್ ಅವತ್ತೇ ಬೆಳಿಗ್ಗೆ ಇಲ್ಲೇ ನಿದ್ದೆಯಲ್ಲಿ ತೀರಿಕೊಂಡರು. ಆಮೇಲೆ ಅವರ ಹೆಸರನ್ನೇ ಇಟ್ಟರು. ಅಪ್ಪ ಗೋಡೆಯ ಕಾಂಕ್ರೀಟಿಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ತಣ್ಣಗಿದೆ, ಮುಟ್ಟಿ ನೋಡು," ಅಂದರು. ನಿಜ, ಆಗಸ್ಟ್ ಬಿಸಿಲಲ್ಲೂ ಕೈ ಕೊರೆಯುವಷ್ಟು ತಣ್ಣಗಿತ್ತು.

ರಾತ್ರಿ ಅಲ್ಲೇ ಪಕ್ಕದ ಮೋಟೆಲ್. ಡೈನಿಂಗ್ ಹಾಲಿನ ತುಂಬ ಕೆಲಸದ ಬೂಟಿನ ಜನ. ನಾವು ರೂಮಿನ ಹೊರಗೆ ಸ್ಟವ್ ಹಚ್ಚಿ ಅನ್ನ ಮಾಡಿ ಪುಳಿಯೋಗರೆ ಕಲಸಿಕೊಂಡೆವು.

ಮೂರನೇ ದಿನ: ನಟ್, ಪೈಪು, ಮತ್ತು ನೀರಿನ ಕೆಳಗಿನ ಕೆರೆಗಳು

ಅಣೆಕಟ್ಟು ದಾಟಿದ ಮೇಲೆ ಟಾರು ಮುಗಿದು ಜಲ್ಲಿ ರಸ್ತೆ ಶುರು. ಲಾರಿ ಎದುರಿಗೆ ಬಂದರೆ ನಿಧಾನ ಮಾಡಿ ಬಲಕ್ಕೆ ಸರಿದು ನಿಂತುಬಿಡಬೇಕು, ಇಲ್ಲದಿದ್ದರೆ ಕಲ್ಲು ಹಾರಿ ಗಾಜಿಗೆ ಬೀಳುತ್ತದೆ. ಲಾರಿ ಹೋದ ಮೇಲೆ ಅರ್ಧ ನಿಮಿಷ ಧೂಳಿನಲ್ಲಿ ಏನೂ ಕಾಣದು. ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡೇ ಹೋದೆವು.

ಸುಮಾರು ನಲವತ್ತು ಕಿಲೋಮೀಟರ್ ಹೋಗಿರಬೇಕು, ಹಿಂದಿನ ಬಲ ಟೈರು ಹೋಯಿತು. ಚೂಪುಕಲ್ಲು ಪಕ್ಕದ ಗೋಡೆಯನ್ನೇ ಸೀಳಿಬಿಟ್ಟಿತ್ತು, ರಿಪೇರಿಯ ಮಾತೇ ಇಲ್ಲ. ಜ್ಯಾಕ್ ಕೊಟ್ಟೆವು. ನಟ್ ಬಿಚ್ಚಲು ಹೋದರೆ ಒಂದೂ ಅಲ್ಲಾಡುತ್ತಿಲ್ಲ. ಹೊರಡುವ ಮುಂಚೆ ಟೈರ್ ಹಾಕಿದ ಅಂಗಡಿಯವರು ಮಿಷಿನ್ನಲ್ಲಿ ಸಿಕ್ಕಾಪಟ್ಟೆ ಬಿಗಿದುಬಿಟ್ಟಿದ್ದರು. ನಾನು ಸ್ಪ್ಯಾನರ್ ಮೇಲೆ ಹತ್ತಿ ನಿಂತೆ, ಆಗಲಿಲ್ಲ. ಅಷ್ಟರಲ್ಲಿ ಕರಿನೊಣಗಳು ಬಂದವು. ಕಾಟ ಮುಗಿದಿರುತ್ತದೆ ಅಂದುಕೊಂಡಿದ್ದೆ, ಪೂರ್ತಿ ಮುಗಿದಿರಲಿಲ್ಲ. ಅವು ಸೊಳ್ಳೆಯ ಹಾಗೆ ಚುಚ್ಚುವುದಿಲ್ಲ, ಚರ್ಮವನ್ನೇ ಕಚ್ಚಿ ತೆಗೆಯುತ್ತವೆ. ಕಿವಿಯ ಹಿಂದೆ, ಕಾಲರ್ ಒಳಗೆ. ಕೈ ಇಟ್ಟರೆ ರಕ್ತ. ತಲೆಗೆ ಹಾಕುವ ಬಲೆ ಬ್ಯಾಗಿನ ತಳದಲ್ಲಿತ್ತು. ಅದನ್ನು ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ.

ಒಂದು ದೊಡ್ಡ ಲಾರಿ ನಿಂತಿತು. ಗಡ್ಡದ ಡ್ರೈವರ್ ಇಳಿದು ಬಂದು ನೋಡಿ ಏನೂ ಕೇಳದೆ ವಾಪಸ್ ಹೋದ. ಬರುವಾಗ ಕೈಯಲ್ಲಿ ಒಂದು ಮೀಟರ್ ಉದ್ದದ ಕಬ್ಬಿಣದ ಪೈಪು. ಅಪ್ಪನ ಮುಖ ಅರಳಿತು. ಗಣಿಯ ವರ್ಕ್‌ಶಾಪ್‌ನಲ್ಲಿ ದಿನಾ ಮಾಡುತ್ತಿದ್ದ ಕೆಲಸ ಅದೇ ಅಲ್ವಾ. ಪೈಪನ್ನು ಸ್ಪ್ಯಾನರ್ ಹಿಡಿಗೆ ತೂರಿಸಿ ಇಬ್ಬರೂ ಒಟ್ಟಿಗೆ ಒತ್ತಿದರು. 'ಟಕ್' ಅಂತ ಮೊದಲ ನಟ್ ಬಿಟ್ಟಿತು. ಡ್ರೈವರ್ ಫ್ರೆಂಚಿನಲ್ಲಿ, ಅಪ್ಪ ಕನ್ನಡದಲ್ಲಿ ಎಣಿಸಿದರು. ಆನ್, ಎರಡು, ತ್ರುವಾ, ನಾಲ್ಕು. ಐದನೆಯದಕ್ಕೆ ಇಬ್ಬರೂ ನಕ್ಕರು. ಹೊಸ ಟೈರು ಹಾಕಿದ ಮೇಲೆ ಅಪ್ಪ ನಟ್‌ಗಳನ್ನು ಎದುರು ಬದುರಾಗಿ ಬಿಗಿಯುವುದನ್ನು ನೋಡಿ ಆತ ನನ್ನನ್ನು ಕೇಳಿದ, "ನಿಮ್ಮ ತಂದೆ ಮೆಕ್ಯಾನಿಕ್ಕಾ?" ಹೌದು ಅಂದೆ. ಕೈ ಕುಲುಕಿ ಹೊರಟ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದು ಪೊಟ್ಟಣ ಕೋಡುಬಳೆ ಕೊಟ್ಟೆ.

ಮುಂದೆ ಎಡಗಡೆ ಆಗಾಗ ನೀರು ಕಾಣತೊಡಗಿತು. ಮನಿಕ್ವಾಗನ್ ಜಲಾಶಯ. ಸುಮಾರು 21 ಕೋಟಿ 40 ಲಕ್ಷ ವರ್ಷದ ಹಿಂದೆ ಇಲ್ಲಿ ಒಂದು ಉಲ್ಕೆ ಅಪ್ಪಳಿಸಿತ್ತು. ಆ ಹೊಂಡದ ಸುತ್ತ ನೀರು ನಿಂತು ಬಳೆಯ ಆಕಾರದ ಕೆರೆಯಾಗಿದೆ, ನಡುವೆ ಗುಂಡಗಿನ ದ್ವೀಪ. ಆಕಾಶದಿಂದ ತೆಗೆದ ಚಿತ್ರದಲ್ಲಿ ಕಣ್ಣಿನ ಹಾಗೆ ಕಾಣುತ್ತದೆ, ಅದಕ್ಕೇ 'ಕ್ಯೂಬೆಕ್‌ನ ಕಣ್ಣು' ಅನ್ನುತ್ತಾರೆ. ರಸ್ತೆಯಲ್ಲಿ ನಿಂತವರಿಗೆ ಆ ಆಕಾರ ಗೊತ್ತಾಗುವುದಿಲ್ಲ. ಕಾಣುವುದು ಸಮುದ್ರದಂಥ ನೀರು, ಅದರಾಚೆ ನೀಲಿ ಗುಡ್ಡದ ಸಾಲು.

316ನೇ ಕಿಲೋಮೀಟರಿನ ತಂಗುದಾಣದಲ್ಲಿ ರಾತ್ರಿ ಉಳಿಯುವುದೆಂದು ಮೊದಲೇ ಫೋನ್ ಮಾಡಿ ಹೇಳಿದ್ದೆ. ಪೆಟ್ರೋಲ್ ಬಂಕ್, ನಾಲ್ಕು ಮೇಜಿನ ಹೋಟೆಲು, ಹಿಂದೆ ರೂಮು. ಪೆಟ್ರೋಲ್ ತುಂಬಿಸುವಾಗ ಪಕ್ಕದ ಪಿಕಪ್‌ನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಪೆಸಾಮಿತ್ ಎಂಬ ಊರಿನವರು, ಇಲ್ಲಿನ ಮೂಲನಿವಾಸಿಗಳಾದ 'ಇನ್ನು' ಜನಾಂಗದವರು. ನಮ್ಮ 'ಇನ್ನು ಮುಂದೆ'ಯ ಇನ್ನು ಅಲ್ಲ, ಅವರ ಭಾಷೆಯಲ್ಲಿ ಆ ಪದಕ್ಕೆ ಮನುಷ್ಯ ಎಂದರ್ಥ. ಕುಟುಂಬದ ಬೇಟೆಯ ಬಿಡಾರಕ್ಕೆ ಹೊರಟಿದ್ದರು.

"ಇಲ್ಲಿ ಜನವಸತಿ ಇಲ್ಲ ಅಂತ ಮ್ಯಾಪಿನಲ್ಲಿ ನೋಡಿದೆವು," ಅಂದೆ.

ಅವರು ಜಲಾಶಯದ ಕಡೆ ಕೈ ತೋರಿಸಿದರು. "ಇದು ಮೊದಲು ಎರಡು ಕೆರೆ. ಮನಿಕ್ವಾಗನ್ ಒಂದು, ಮುಶಲಗಾನ್ ಇನ್ನೊಂದು. ನನ್ನ ತಾತ ದೋಣಿ ಹೊತ್ತು ನಡೆಯುತ್ತಿದ್ದ ದಾರಿ ಈಗ ನೀರಿನ ಕೆಳಗಿದೆ. ನಾವು ಇದಕ್ಕೆ ನಿತಾಸಿನಾನ್ ಅಂತೀವಿ. ನಮ್ಮ ನೆಲ ಅಂತ ಅರ್ಥ."

ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಅವರಿಗೆ ಕೈ ಮುಗಿದರು. ಅವರು ಟೋಪಿ ಎತ್ತಿದರು.

ನಾಲ್ಕನೇ ದಿನ: ಗಾನ್ಯೋನ್

ಬೆಳಿಗ್ಗೆ ವಾಪಿಷ್ಕಾ ಬೆಟ್ಟದ ಬುಡಕ್ಕೆ ಹೋದೆವು. ಮ್ಯಾಪಿನಲ್ಲಿ ಮೋನ್ ಗ್ರೂ ಅಂತ ಇರುತ್ತದೆ, ವಾಪಿಷ್ಕಾ ಇನ್ನು ಜನರ ಹೆಸರು. 335ನೇ ಕಿಲೋಮೀಟರಿನಿಂದ ಕಾಲುದಾರಿ ಹೊರಡುತ್ತದೆ. ಮೇಲೆ ಮರವಿಲ್ಲದ ಬೋಳು ನೆತ್ತಿಗಳು, ಸಾವಿರ ಮೀಟರ್ ದಾಟಿದವು. ಪೂರ್ತಿ ಹತ್ತಲು ಗಟ್ಟಿ ಕಾಲು ಬೇಕು, ಅಪ್ಪನ ಮೊಣಕಾಲು ಒಪ್ಪಲಿಲ್ಲ. ಒಂದು ಗಂಟೆ ಕಾಡೊಳಗೆ ನಡೆದೆವು ಅಷ್ಟೇ. ಕಾಲಡಿಯ ಪಾಚಿ ಹಾಸಿಗೆಯ ಹಾಗೆ, ಪಾದ ಇಟ್ಟರೆ ಕಣಕಾಲಿನವರೆಗೆ ಇಳಿಯುತ್ತದೆ. ಅದರ ಮೇಲೆ ತಿಳಿಬೂದು ಬಣ್ಣದ ಕಲ್ಲುಹೂವು, ಕ್ಯಾರಿಬೂ ಜಿಂಕೆಗಳು ತಿನ್ನುವಂಥದ್ದು. ಒಣಗಿದ ಕಡೆ ತುಳಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ, ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು, ದಯವಿಟ್ಟು ಕಾಲುದಾರಿ ಬಿಡಬೇಡಿ. ಬ್ಲೂಬೆರಿ ದಾರಿಯ ಎರಡೂ ಕಡೆ. ನಮ್ಮ ಅಂಗಡಿಯ ದಪ್ಪ ಹಣ್ಣಲ್ಲ, ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು, ಹುಳಿ ಸಿಹಿ ಎರಡೂ. ಕವಳಿಕಾಯಿ ಕೊಯ್ದ ಹಾಗೆ ಅಪ್ಪ ಟೋಪಿ ತುಂಬ ಕೊಯ್ದರು.

ಗಾನ್ಯೋನ್ ತಲುಪಿದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ, 390ನೇ ಕಿಲೋಮೀಟರ್ ಆಸುಪಾಸು. ಎಲ್ಲೂ ಮನೆ ಕಾಣದೆ ದಾಟಿ ಹೋಗಿಬಿಡುತ್ತೇವೇನೋ ಅಂತ ಭಯವಿತ್ತು. ಹಾಗಾಗಲಿಲ್ಲ. ಕಾಡಿನ ಮಧ್ಯೆ ಹೋಗುತ್ತಿದ್ದ ರಸ್ತೆ ಇದ್ದಕ್ಕಿದ್ದಂತೆ ಅಗಲವಾಯಿತು. ನಡುವೆ ಡಿವೈಡರ್ ಬಂತು. ಎರಡೂ ಬದಿ ಕಾಂಕ್ರೀಟಿನ ಅಂಚುಕಟ್ಟೆ, ಫುಟ್‌ಪಾತ್. ಊರಿನ ಮೇನ್ ರೋಡ್, ಊರು ಮಾತ್ರ ಇಲ್ಲ. ಪಕ್ಕದ ಬೀದಿಗಳಿಗೆ ತಿರುಗುವ ಜಾಗದಲ್ಲಿ ಅಂಚುಕಟ್ಟೆ ನೀಟಾಗಿ ಬಾಗಿದೆ. ಆ ಬಾಗು ಹಿಡಿದು ನಾಲ್ಕು ಹೆಜ್ಜೆ ಹೋದರೆ ಗಿಡಗಂಟಿ.

ಅಪ್ಪ ಕಾರಿನಿಂದ ಇಳಿದವರು ಮಾತಾಡಲಿಲ್ಲ.

ಒಂದು ಕಾಲಕ್ಕೆ ಸುಮಾರು ನಾಲ್ಕು ಸಾವಿರ ಜನ ಇದ್ದ ಊರು ಇದು. ಬಾರ್ಬೆಲ್ ಎಂಬ ಕೆರೆಯ ದಡದಲ್ಲಿ ಶಾಲೆ, ಚರ್ಚು, ಆಸ್ಪತ್ರೆ, ಐಸ್ ಹಾಕಿ ಆಡುವ ಅಂಗಳ, ವಿಮಾನ ನಿಲ್ದಾಣ, ಎಲ್ಲ ಇತ್ತು. ಹತ್ತಿರದ ಲಾಕ್ ಜಾನೀನ್ ಗಣಿಯಲ್ಲಿ ಅದಿರು ಮುಗಿದ ಮೇಲೆ ಫೈರ್ ಲೇಕ್‌ನಿಂದ ರೈಲಿನಲ್ಲಿ ತಂದು ಕೆಲವು ವರ್ಷ ನಡೆಸಿದರು. ಆಮೇಲೆ ಅದೂ ನಿಂತಿತು.

ಸ್ವಲ್ಪ ಮುಂದೆ ಇನ್ನೊಂದು ಕಾರು ನಿಂತಿತ್ತು. ಅರವತ್ತು ದಾಟಿದ ಹೆಂಗಸೊಬ್ಬರು ಅಂಚುಕಟ್ಟೆಯಿಂದ ಒಳಗೆ ಹೆಜ್ಜೆ ಎಣಿಸುತ್ತಾ ಹೋಗಿ ನಿಲ್ಲುತ್ತಿದ್ದರು, ಮತ್ತೆ ವಾಪಸ್ ಬಂದು ಎಣಿಸುತ್ತಿದ್ದರು. ಮಗ ಕಾರಿಗೆ ಒರಗಿ ಕಾಯುತ್ತಿದ್ದ. ಏನಾದರೂ ಕಳೆದುಹೋಗಿದೆಯಾ ಅಂತ ಕೇಳಿದೆ.

"ನಮ್ಮ ಮನೆ ಬಾಗಿಲು," ಅಂದರು. "ಈ ಮೂಲೆಯಿಂದ ಮೂರನೇ ಮನೆ. ಅಪ್ಪ ಗಣಿಯಲ್ಲಿದ್ದರು. ನಾನು ಇಲ್ಲೇ ಹುಟ್ಟಿದ್ದು."

ಅಪ್ಪನಿಗೆ ಹೇಳಿದೆ. ಅಪ್ಪ ಹತ್ತಿರ ಬಂದರು. ಆಮೇಲಿನ ಒಂದೂವರೆ ಗಂಟೆ ನನಗೆ ಉಸಿರಾಡಲು ಬಿಡುವಿಲ್ಲ, ಅವರದನ್ನು ಕನ್ನಡಕ್ಕೆ, ಇವರದನ್ನು ಫ್ರೆಂಚಿಗೆ. ಶಾಲೆ ಎಲ್ಲಿತ್ತು, ಕ್ಯಾಂಟೀನಿನಲ್ಲಿ ಏನು ಕೊಡುತ್ತಿದ್ದರು, ಶಿಫ್ಟ್ ಸೈರನ್ ಎಷ್ಟು ಹೊತ್ತಿಗೆ ಕೂಗುತ್ತಿತ್ತು. ಅಪ್ಪ ನನಗೆ ಎಂದೂ ಹೇಳದ ಎಷ್ಟೋ ಮಾತುಗಳನ್ನು ಆ ಹೆಂಗಸಿಗೆ ಹೇಳಿದರು. ಗಣಿ ನಿಂತ ಮರುದಿನವೂ ಅಭ್ಯಾಸಬಲದಿಂದ ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಹಿಡಿದು ಬಸ್ ಸ್ಟಾಪಿಗೆ ಹೋದದ್ದು. ಅಲ್ಲಿ ಇನ್ನೂ ಐದಾರು ಜನ ಡಬ್ಬಿ ಹಿಡಿದು ನಿಂತಿದ್ದದ್ದು. ಇದನ್ನು ಫ್ರೆಂಚಿಗೆ ಮಾಡುವಾಗ ನನ್ನ ಗಂಟಲು ಕಟ್ಟಿತು.

"ನಿಮಗೆ ರಸ್ತೆಯಾದರೂ ಇತ್ತಲ್ಲ," ಅಂದರು ಅವರು. "ನಮಗೆ ವಿಮಾನ ಬಿಟ್ಟರೆ ದಾರಿಯೇ ಇರಲಿಲ್ಲ. ರಸ್ತೆ ಕೊಡಿ, ರಸ್ತೆ ಕೊಡಿ ಅಂತ ಅಪ್ಪ ಅಮ್ಮ ಕೇಳುತ್ತಲೇ ಇದ್ದರು. ಈ 389 ಪೂರ್ತಿಯಾದದ್ದು 1987ರಲ್ಲಿ. ಅಷ್ಟರಲ್ಲಿ ಊರೇ ಇರಲಿಲ್ಲ."

ಮಗ ಒಂದು ಕೋಲಿನಿಂದ ಮಣ್ಣು ಕೆದಕಿ ಕೈಬೆರಳಗಲದ ಟೈಲ್ ಚೂರು ತೆಗೆದ. ಒಂದು ಬದಿ ತಿಳಿನೀಲಿ, ಹೊಳಪು ಮಾಸಿರಲಿಲ್ಲ. ಬಚ್ಚಲಮನೆಯದು ಇದೇ ಬಣ್ಣ ಅಂತ ಆಕೆ ಅಂಗೈಯಲ್ಲಿಟ್ಟು ಸೀರೆ ಸೆರಗಿನಿಂದ ಒರೆಸುವ ಹಾಗೆ ಸ್ವೆಟರ್ ತುದಿಯಿಂದ ಒರೆಸಿದರು.

ಅಪ್ಪ ಬಗ್ಗಿ ರಸ್ತೆ ಬದಿಯಿಂದ ಒಂದು ಕಲ್ಲು ಆರಿಸಿದರು. ಉಕ್ಕಿನ ಬಣ್ಣ, ತಿರುಗಿಸಿದರೆ ಅಭ್ರಕದ ಹಾಗೆ ಮಿಣಮಿಣ. ಸನ್ನೆ ಮಾಡಿ ಟೈಲ್ ಕೇಳಿದರು. ಆಕೆ ಕೊಟ್ಟರು. ಅದರ ಹಿಂಬದಿ, ಬಣ್ಣ ಹಾಕದ ಒರಟು ಬಿಳಿ ಬದಿಯ ಮೇಲೆ ಕಲ್ಲನ್ನು ಒತ್ತಿ ಎಳೆದರು. ಕೆಂಪು ಗೆರೆ ಮೂಡಿತು. ಒಣಗಿದ ಕುಂಕುಮದ ಕೆಂಪು.

"ಹೆಮಟೈಟ್," ಅಂದರು ಅಪ್ಪ. "ನಮ್ಮದು ಮ್ಯಾಗ್ನೆಟೈಟ್. ನಮ್ಮದನ್ನು ಎಳೆದಿದ್ದರೆ ಕಪ್ಪು ಗೆರೆ ಬರುತ್ತಿತ್ತು. ಲ್ಯಾಬಿನವರು ಹೀಗೇ ಟೈಲಿನ ಬೆನ್ನ ಮೇಲೆ ಎಳೆದು ನೋಡುತ್ತಿದ್ದರು. ಹೇಳು ಅವರಿಗೆ."

ಹೇಳಿದೆ. ಆಕೆ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. "ನಮ್ಮಪ್ಪನ ಬಟ್ಟೆ ಒಗೆದ ನೀರು ಇದೇ ಬಣ್ಣ ಬರುತ್ತಿತ್ತು," ಅಂದರು. ಆಮೇಲೆ ಟೈಲನ್ನು ಕರವಸ್ತ್ರದಲ್ಲಿ ಸುತ್ತಿ, ಗೆರೆ ಅಳಿಸದ ಹಾಗೆ ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡರು.

ಅಂಚುಕಟ್ಟೆಯ ಮೇಲೆ ನಾಲ್ವರೂ ಕೂತು ಊಟ ಮಾಡಿದೆವು. ನಮ್ಮ ಅವಲಕ್ಕಿ ಮೊಸರು, ಅವರ ಬ್ರೆಡ್ಡು ಚೀಸು, ಬೆಳಗಿನ ಬ್ಲೂಬೆರಿ. ಚಟ್ನಿಪುಡಿ ಮಗನಿಗೆ ಹಿಡಿಸಿತು. ಬೂದುಬಣ್ಣದ ಹಕ್ಕಿಯೊಂದು, ಕೆನಡಾ ಜೇ, ಬಂದು ಅಪ್ಪನ ಮೊಣಕಾಲ ಮೇಲೇ ಕೂತು ಅವಲಕ್ಕಿ ಎತ್ತಿಕೊಂಡು ಹೋಯಿತು. ಅದಕ್ಕೆ ಮನುಷ್ಯರ ಭಯವೇ ಇಲ್ಲ. "ನಾವು ಚಿಕ್ಕವರಿದ್ದಾಗಲೂ ಹೀಗೇ ಬರುತ್ತಿದ್ದವು," ಅಂದರು ಆಕೆ.

ಅಲ್ಲಿಂದ ಮುಂದೆ ಫೈರ್ ಲೇಕ್‌ವರೆಗೆ ಒಳ್ಳೆ ಟಾರು, ಊರಿನವರು ಗಣಿಗೆ ಓಡಾಡುತ್ತಿದ್ದ ರಸ್ತೆ. ಆಮೇಲೆ ಅದಿರಿನ ರೈಲುಹಳಿಯನ್ನು ಮತ್ತೆ ಮತ್ತೆ ದಾಟಬೇಕಾಯಿತು. ಒಂದು ಕಡೆ ರೈಲು ಬಂತು. ಅಪ್ಪ ಬೋಗಿ ಎಣಿಸಲು ಶುರು ಮಾಡಿ ನೂರಾದ ಮೇಲೆ ಬಿಟ್ಟರು.

ಐದನೇ ದಿನ: ಗೋಡೆಯೊಳಗಿನ ಊರು

ಫೆರ್ಮೋನ್‌ನಲ್ಲಿ ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನ ಇದ್ದಾರೆ. 1970ರ ದಶಕದಲ್ಲಿ ಕಟ್ಟಿದ್ದು. ಊರಿನ ಉತ್ತರಕ್ಕೆ 1.3 ಕಿಲೋಮೀಟರ್ ಉದ್ದದ ಒಂದೇ ಕಟ್ಟಡ, ಐದು ಅಂತಸ್ತಿನದು. ಎಲ್ಲರೂ ಅದಕ್ಕೆ 'ಗೋಡೆ' ಅಂತಲೇ ಅನ್ನುತ್ತಾರೆ. ಉತ್ತರದ ಗಾಳಿಯನ್ನು ಅದು ತಡೆಯುತ್ತದೆ, ಅದರ ಮರೆಯಲ್ಲಿ ಸಣ್ಣ ಸಣ್ಣ ಮನೆಗಳು. ಗೋಡೆಯೊಳಗೇ ಮನೆ, ಶಾಲೆ, ದಿನಸಿ ಅಂಗಡಿ, ಹೋಟೆಲು, ಈಜುಕೊಳ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸ್ವೆಟರ್ ಇಲ್ಲದೆ ಬದುಕಬಹುದು. ನಾವು ಒಂದು ತುದಿಯಿಂದ ಇನ್ನೊಂದು ತುದಿಗೆ ಒಳಗೇ ನಡೆದೆವು. ಹಾಲಿನ ಪ್ಯಾಕೆಟ್ ಹಿಡಿದ ಮಕ್ಕಳು ಚಪ್ಪಲಿಯಲ್ಲಿ ಓಡಾಡುತ್ತಿದ್ದವು.

ದಿನಸಿ ಅಂಗಡಿಯ ಕೌಂಟರಿನಲ್ಲಿದ್ದ ಹುಡುಗಿ ನಮ್ಮನ್ನು ನೋಡಿ ಗಣಿಗೆ ಕೆಲಸಕ್ಕೆ ಬಂದಿದ್ದೀರಾ ಅಂತ ಕೇಳಿದಳು. ಈಗ ಬಹಳ ಜನ ವಿಮಾನದಲ್ಲಿ ಬಂದು ಎರಡು ವಾರ ದುಡಿದು ಹೋಗುತ್ತಾರಂತೆ. "ಇಲ್ಲೇ ಇರುವವರು ಕಮ್ಮಿ ಆಗ್ತಿದ್ದಾರೆ," ಅಂದಳು. ಅಪ್ಪ ಅದನ್ನು ಕೇಳಿ ತಲೆ ಆಡಿಸಿದರು.

ಮಧ್ಯಾಹ್ನ ರಸ್ತೆ ಬದಿಯಿಂದ ಮೋನ್-ರೈಟ್ ಗಣಿ ನೋಡಿದೆವು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಡಂಪರ್‌ಗಳು ದೂರದಲ್ಲಿ ಇರುವೆಯ ಸಾಲು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಆ ಮೂರನೆಯದರ ಬ್ರೇಕ್ ನೋಡಬೇಕು, ಇಳಿಜಾರಲ್ಲಿ ಕಿರುಗುಟ್ತಿದೆ," ಅಂದರು. ನನಗೆ ಬರೀ ಗಾಳಿ ಕೇಳಿಸುತ್ತಿತ್ತು.

ಆರನೇ ದಿನ: ವಾಪಸು

ಬೆಳಗಿನ ಜಾವ ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು, ಇನ್ನೂ ಆಗಸ್ಟ್! ಕತ್ತಲಿರುವಾಗಲೇ ಹೊರಟೆವು, ಒಂದೇ ದಿನಕ್ಕೆ ಬೇ-ಕೊಮೊ ಮುಟ್ಟುವ ಅಂದಾಜು.

ಗಾನ್ಯೋನ್ ಬಂದಾಗ ಜಿಟಿಜಿಟಿ ಮಳೆ. ಯಾರೂ ಇರಲಿಲ್ಲ. ನಿಲ್ಲಿಸು ಅಂದರು ಅಪ್ಪ. ಕೊಡೆ ಹಿಡಿದು ಇಳಿದು, ಫುಟ್‌ಪಾತಿನ ಒಂದು ತುದಿಯಿಂದ ಗಿಡಗಂಟಿ ಶುರುವಾಗುವವರೆಗೆ ನಡೆದು ವಾಪಸ್ ಬಂದರು. ಸುಮ್ನೆ ನಡೆದದ್ದು. ಕಾರು ಹತ್ತಿ ಬೆಲ್ಟ್ ಹಾಕಿಕೊಂಡು ಕೇಳಿದರು, "ನಮ್ಮ ಕ್ವಾರ್ಟರ್ಸ್ ನಂಬರ್ ನೆನಪಿದೆಯಾ ಮಗಾ?"

"ಬಿ ನೂರಾ ಹದಿನಾಲ್ಕು."

"ಬಿ ಅಲ್ಲ, ಸಿ. ಬಿ ಸಾಲಿನಲ್ಲಿ ನಿನ್ನ ಗೆಳತಿ ಮನೆ ಇದ್ದದ್ದು."

ನಾನು ಮರೆತಿದ್ದೆ. ಹದಿನಾರು ವರ್ಷ ಇದ್ದ ಮನೆಯ ನಂಬರ್. ಅಪ್ಪ ಡ್ಯಾಶ್‌ಬೋರ್ಡಿನಿಂದ ಕಾಗದದ ಮ್ಯಾಪ್ ತೆಗೆದು, ಅದರ ಹಿಂಬದಿಯಲ್ಲಿ ಪೆನ್ನಿನಿಂದ ಚೌಕಗಳನ್ನು ಹಾಕತೊಡಗಿದರು. ಒಂದೊಂದು ಚೌಕದೊಳಗೆ ಒಂದು ನಂಬರು, ಕೆಳಗೆ ಮನೆಯವರ ಹೆಸರು. ಜಲ್ಲಿ ರಸ್ತೆಯ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದರೂ ಬಿಡಲಿಲ್ಲ. ನಾನು ಮಧ್ಯೆ ಮಧ್ಯೆ ಸೇರಿಸಿದೆ, ನಾಯಿ ಇದ್ದ ಮನೆ, ಗಣಪತಿ ಕೂರಿಸುತ್ತಿದ್ದ ಮನೆ, ಹಲಸಿನ ಮರದ ಮನೆ. ಮ್ಯಾನಿಕ್-5 ಬರುವಷ್ಟರಲ್ಲಿ ಎರಡು ಸಾಲು ತುಂಬಿತ್ತು. ಸಿ ಸಾಲಿನ ಮೂಲೆ ಮನೆಯ ಚೌಕ ಮಾತ್ರ ಖಾಲಿ. ಬಸ್ ಸ್ಟಾಪಿನ ಎದುರಿನದು. ಯಾರಿದ್ದರು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಬೇ-ಕೊಮೊ ಹತ್ತಿರ ಫೋನು 'ಟಿಂಗ್ ಟಿಂಗ್' ಅನ್ನತೊಡಗಿದಾಗ ಸಂಜೆ ಏಳು. ಅಪ್ಪ ಮಂಗಳೂರಿನಲ್ಲಿರುವ ಹಳೆ ಜೊತೆಗಾರರಿಗೆ ಕರೆ ಮಾಡು ಅಂದರು. "ಅಪ್ಪ, ಅಲ್ಲೀಗ ಬೆಳಗಿನ ಜಾವ ನಾಲ್ಕೂವರೆ." "ಪರವಾಗಿಲ್ಲ, ಅವನು ಫಸ್ಟ್ ಶಿಫ್ಟಿನವನು. ಎದ್ದಿರ್ತಾನೆ."

ಎರಡನೇ ರಿಂಗಿಗೇ ಎತ್ತಿದರು. ಸ್ಪೀಕರ್ ಹಾಕಿದೆ.

"ಏನೋ ಇಷ್ಟು ಹೊತ್ತಲ್ಲಿ? ಕೆನಡಾದಲ್ಲಿ ಎಲ್ಲ ಆರಾಮಲ್ವಾ?"

"ಆರಾಮು. ಒಂದು ಕೇಳಬೇಕಿತ್ತು. ಸಿ ಸಾಲಿನ ಮೂಲೆ ಮನೆ, ಬಸ್ ಸ್ಟಾಪ್ ಎದುರು. ಅಲ್ಲಿ ಯಾರಿದ್ದರೋ?"

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡ ಶಬ್ದ ಕೇಳಿಸಿತು. "ತಡಿ," ಅಂದರು ಅವರು, "ದೀಪ ಹಾಕ್ಕೊಂಡು ಕೂತ್ಕೊಳ್ತೀನಿ."